ಕೊಟ್ಟಿಗೆ ಮನೆಯಿಂದ ಎಷ್ಟು ದೂರ? ಆಮಿಶ್ ಮತ್ತು ಹಟ್ಟರೈಟ್ ಮಕ್ಕಳ ಪ್ರಕರಣ

ಹಳ್ಳಿಯಲ್ಲಿ, ದನಕರುಗಳ ನಡುವೆ ಬೆಳೆದ ಮಕ್ಕಳಿಗೆ ಅಸ್ತಮಾ ಕಡಿಮೆ ಅನ್ನುವ ಮಾತನ್ನು ನೀವು ಕೇಳಿರಬಹುದು. ಹಾಗಿದ್ದರೆ ಈ ಲೆಕ್ಕ ನೋಡಿ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಬೇಸಾಯ ಮಾಡಿಕೊಂಡಿರುವ ಆಮಿಶ್ ಎಂಬ ಕ್ರೈಸ್ತ ಪಂಥದ ಜನರ ಶಾಲಾಮಕ್ಕಳಲ್ಲಿ ಅಸ್ತಮಾ ಇದ್ದದ್ದು ಶೇಕಡ 5.2ರಷ್ಟು ಮಂದಿಗೆ. ಸೌತ್ ಡಕೋಟಾದಲ್ಲಿ ಬೇಸಾಯ ಮಾಡಿಕೊಂಡಿರುವ ಹಟ್ಟರೈಟ್ ಎಂಬ ಇನ್ನೊಂದು ಕ್ರೈಸ್ತ ಪಂಥದ ಜನರ ಶಾಲಾಮಕ್ಕಳಲ್ಲಿ ಶೇಕಡ 21.3ರಷ್ಟು ಮಂದಿಗೆ. ನಾಲ್ಕು ಪಟ್ಟು! ಅಲರ್ಜಿ ತರುವ ವಸ್ತುಗಳಿಗೆ ಮೈ ಕೆರಳುತ್ತದೆಯಾ ಎಂದು ಪರೀಕ್ಷೆ ಮಾಡಿದಾಗಲೂ ಇದೇ ಕತೆ. ಒಂದು ಕಡೆ ಶೇಕಡ 7.2, ಇನ್ನೊಂದು ಕಡೆ ಶೇಕಡ 33.3.

ಇಬ್ಬರೂ ರೈತರು. ಇಬ್ಬರ ಬಳಿಯೂ ದನಗಳಿವೆ. ಮತ್ತೆ ಯಾಕೆ ಹೀಗೆ?

ಈ ಪ್ರಶ್ನೆ ಹಿಡಿದು ಹೊರಟ ತಂಡದ ವರದಿ 2016ರ ಆಗಸ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಮಕ್ಕಳ ಅಸ್ತಮಾದ ಬಗ್ಗೆ ಬಂದಿರುವ ಅಧ್ಯಯನಗಳಲ್ಲಿ ಇದು ನನಗೆ ತುಂಬ ಹಿಡಿಸಿದ್ದು. ಯಾಕೆಂದರೆ ಇದನ್ನು ಪೂರ್ತಿ ಓದಿದವರು "ಕೊಳೆ ಒಳ್ಳೆಯದು" ಅಂತ ಸುಲಭವಾಗಿ ಹೇಳಲಾರರು. ತಲೆಬರಹ ಮಾತ್ರ ಓದಿದವರು ಅದನ್ನೇ ಹೇಳುತ್ತಾರೆ, ಆ ಮಾತು ಬೇರೆ.

ಮೊದಲೇ ಇದ್ದ ಸುಳಿವುಗಳು

ಕತೆ ಸ್ವಲ್ಪ ಹಿಂದಿನಿಂದ ಶುರುವಾಗಬೇಕು. 1989ರಲ್ಲಿ ಡೇವಿಡ್ ಸ್ಟ್ರಾಕನ್ ಎಂಬ ಬ್ರಿಟಿಷ್ ಸಂಶೋಧಕರು ಒಂದು ಚಿಕ್ಕ ಬರಹ ಪ್ರಕಟಿಸಿದರು. 1958ರ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 17,414 ಮಕ್ಕಳ ದಾಖಲೆ ಅವರ ಮುಂದಿತ್ತು. ಮನೆಯಲ್ಲಿ ಅಣ್ಣ, ಅಕ್ಕಂದಿರು ಜಾಸ್ತಿ ಇದ್ದಷ್ಟೂ ಕಿರಿಯ ಮಗುವಿಗೆ ಪರಾಗದ ಅಲರ್ಜಿ ಕಡಿಮೆ ಇತ್ತು. ದೊಡ್ಡ ಮಕ್ಕಳು ತರುವ ಸೋಂಕುಗಳು ಚಿಕ್ಕವರನ್ನು ಕಾಯುತ್ತಿರಬಹುದೇ ಎಂದು ಅವರು ಕೇಳಿದರು. ಮುಂದೆ ಇದಕ್ಕೇ ಶುಚಿತ್ವದ ಸಿದ್ಧಾಂತ ಎಂಬ ಹೆಸರು ಅಂಟಿಕೊಂಡಿತು.

ಅದೇ ವರ್ಷ ಬರ್ಲಿನ್ ಗೋಡೆ ಬಿತ್ತು. ಮ್ಯೂನಿಕ್‌ನ ಮಕ್ಕಳ ವೈದ್ಯೆ ಎರಿಕಾ ಫಾನ್ ಮೂಟಿಯುಸ್ ಮತ್ತು ಅವರ ಜೊತೆಯವರು ಪೂರ್ವ ಜರ್ಮನಿಯ ಮಕ್ಕಳನ್ನು ಪಶ್ಚಿಮದ ಮಕ್ಕಳೊಂದಿಗೆ ಹೋಲಿಸಿದರು. ಪೂರ್ವದ ಲೈಪ್‌ಜಿಗ್, ಹಾಲೆ ನಗರಗಳ ಕಡೆ ಕಲ್ಲಿದ್ದಲ ಹೊಗೆ ಜಾಸ್ತಿ, ಆದ್ದರಿಂದ ಅಲ್ಲಿ ಅಸ್ತಮಾವೂ ಜಾಸ್ತಿ ಇರಬೇಕು ಎಂಬುದು ಲೆಕ್ಕಾಚಾರ. ಸಿಕ್ಕಿದ್ದು ತದ್ವಿರುದ್ಧ. ಪೂರ್ವದ ಮಕ್ಕಳಿಗೆ ಕೆಮ್ಮು, ಶ್ವಾಸನಾಳದ ಉರಿಯೂತ ಜಾಸ್ತಿ ಇತ್ತು. ಅಸ್ತಮಾ, ಅಲರ್ಜಿ ಕಡಿಮೆ ಇತ್ತು. ಅಂದುಕೊಂಡದ್ದೇ ತಪ್ಪು ಎಂದು ಗೊತ್ತಾದಾಗ ವಿಜ್ಞಾನಿಗಳು ಎರಡು ಕೆಲಸ ಮಾಡಬಹುದು: ಅಂಕಿಗಳನ್ನು ಅನುಮಾನಿಸಬಹುದು, ಇಲ್ಲವೇ ತಮ್ಮನ್ನು. ಫಾನ್ ಮೂಟಿಯುಸ್ ತಮ್ಮನ್ನು ಅನುಮಾನಿಸಿದರು. ಮುಂದೆ ದಶಕಗಳ ಕಾಲ ಆಲ್ಪ್ಸ್ ಬೆಟ್ಟಗಳ ರೈತರ ಮನೆಗಳನ್ನು ಅಧ್ಯಯನ ಮಾಡಿದರು.

ಆ ಕೆಲಸದಿಂದ ಬಂದ ಒಂದು ಅಂಕಿ ಈ ಪ್ರಕರಣಕ್ಕೆ ಬಹಳ ಮುಖ್ಯ. 2001ರಲ್ಲಿ ಆಸ್ಟ್ರಿಯಾ, ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಹಳ್ಳಿಗಳ ಮಕ್ಕಳ ಅಧ್ಯಯನ ಪ್ರಕಟವಾಯಿತು. ಹುಟ್ಟಿದ ಮೊದಲ ವರ್ಷದಲ್ಲೇ ಕೊಟ್ಟಿಗೆಯ ಒಡನಾಟ ಮತ್ತು ಕೊಟ್ಟಿಗೆಯ ಹಾಲು ಎರಡೂ ಸಿಕ್ಕ ಮಕ್ಕಳಲ್ಲಿ ಅಸ್ತಮಾ ಶೇಕಡ 1. ಒಂದರಿಂದ ಐದು ವರ್ಷದ ನಡುವೆ ಅವು ಸಿಕ್ಕ ಮಕ್ಕಳಲ್ಲಿ ಶೇಕಡ 11. ಅದೇ ಕೊಟ್ಟಿಗೆ, ಅದೇ ಹಾಲು. ಬೇರೆಯಾಗಿದ್ದದ್ದು ಮಗುವಿನ ವಯಸ್ಸು.

ಅಷ್ಟು ಚಿಕ್ಕ ವಯಸ್ಸಿಗೆ ಯಾಕೆ ಇಷ್ಟು ಬೆಲೆ? ಹುಟ್ಟುವ ಮಗುವಿನ ರೋಗನಿರೋಧಕ ವ್ಯವಸ್ಥೆ ಖಾಲಿ ಹಲಗೆಯೇನಲ್ಲ. ಗರ್ಭದಲ್ಲಿ ತಾಯಿ ಮತ್ತು ಮಗು ಒಂದನ್ನೊಂದು ಸಹಿಸಿಕೊಳ್ಳಬೇಕು. ಅದಕ್ಕಾಗಿ ಆ ವ್ಯವಸ್ಥೆ ಒಂದು ಕಡೆಗೆ ವಾಲಿಕೊಂಡೇ ಇರುತ್ತದೆ. ಅದು ವಾಲಿರುವುದು ಅಲರ್ಜಿಯ ಬಗೆಯ ಪ್ರತಿಕ್ರಿಯೆ ಕೊಡುವ ಕಣಗಳ ಕಡೆಗೆ. ಹುಟ್ಟಿದ ಮೇಲೆ ಚರ್ಮ, ಕರುಳು, ಶ್ವಾಸಕೋಶಗಳಲ್ಲಿ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಅವುಗಳ ಸಂಪರ್ಕದಲ್ಲಿ ಆ ವಾಲುವಿಕೆ ನಿಧಾನವಾಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಪರಾಗದ ಒಂದು ಕಣಕ್ಕೂ, ಧೂಳುನುಸಿಯ ಹಿಕ್ಕೆಗೂ ಮೈ ಯುದ್ಧಕ್ಕೆ ನಿಲ್ಲುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಅಲರ್ಜಿ ಅಂದರೆ ಅದೇ.

ಒಂದೇ ಬಳ್ಳಿಯ ಎರಡು ಕುಡಿ

ಇಂಡಿಯಾನಾಪೊಲಿಸ್‌ನ ಅಲರ್ಜಿ ವೈದ್ಯ ಮಾರ್ಕ್ ಹೋಲ್‌ಬ್ರೈಕ್ ಯುರೋಪಿನ ತಂಡದ ಜೊತೆ ಸೇರಿ ಆಮಿಶ್ ಮಕ್ಕಳನ್ನು ಸ್ವಿಟ್ಜರ್ಲೆಂಡಿನ ಮಕ್ಕಳೊಂದಿಗೆ ಹೋಲಿಸಿದರು. 2012ರಲ್ಲಿ ಬಂದ ಅಂಕಿಗಳು ಇವು: ಅಲರ್ಜಿಕಾರಕಗಳಿಗೆ ಕೆರಳುವ ಮೈ ಸ್ವಿಸ್ ರೈತರಲ್ಲದವರ ಮಕ್ಕಳಲ್ಲಿ ಶೇಕಡ 44.2, ಸ್ವಿಸ್ ರೈತರ ಮಕ್ಕಳಲ್ಲಿ ಶೇಕಡ 25.2, ಆಮಿಶ್ ಮಕ್ಕಳಲ್ಲಿ ಬರೀ 7.2. ಆಮಿಶರ ಮೂಲವೂ ಸ್ವಿಟ್ಜರ್ಲೆಂಡ್ ಕಡೆಯದೇ. ಹಾಗಾಗಿ ಅವರಲ್ಲಿ ಏನೋ ವಿಶೇಷ ಇದೆ ಎಂಬುದು ಗೊತ್ತಾಯಿತು. ಏನು ಎಂಬುದು ಗೊತ್ತಾಗಲಿಲ್ಲ.

ಇತ್ತ ಷಿಕಾಗೋ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಕ್ಯಾರೊಲ್ ಓಬರ್ ದಶಕಗಳಿಂದ ಹಟ್ಟರೈಟರ ನಡುವೆ ಕೆಲಸ ಮಾಡುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಅಸ್ತಮಾದ ಜೀನ್‌ಗಳನ್ನು. ಈ ಇಬ್ಬರ ದಾರಿ ಕೂಡಿದಾಗ ಸಂಶೋಧಕರಿಗೆ ಅಪರೂಪದ ಜೋಡಿಯೊಂದು ಸಿಕ್ಕಿತು.

ಆಮಿಶರು ಮತ್ತು ಹಟ್ಟರೈಟರು ಇಬ್ಬರೂ 16ನೇ ಶತಮಾನದಲ್ಲಿ ಮಧ್ಯ ಯುರೋಪಿನಲ್ಲಿ ಹುಟ್ಟಿದ ಅನಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಕವಲುಗಳು. ಹಟ್ಟರೈಟರ ಮೂಲ ದಕ್ಷಿಣ ಟಿರೋಲ್. ಆಮಿಶರು 18ನೇ ಶತಮಾನದಲ್ಲಿ ಅಮೆರಿಕಕ್ಕೆ ಬರತೊಡಗಿದರು. ಹಟ್ಟರೈಟರು ಪೂರ್ವ ಯುರೋಪಿನಲ್ಲೆಲ್ಲ ಅಲೆದು 1870ರ ದಶಕದಲ್ಲಿ ಬಂದರು. ಇಬ್ಬರೂ ತಮ್ಮೊಳಗೇ ಮದುವೆಯಾಗುತ್ತಾ ಬಂದವರು. ಇಬ್ಬರ ಜೀನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ತುಂಬ ಹೋಲಿಕೆ ಇತ್ತು.

ಬದುಕಿನ ರೀತಿಯೂ ಅಷ್ಟೇ. ದೊಡ್ಡ ಸಂಸಾರ. ಮಕ್ಕಳಿಗೆ ಬಹಳ ತಿಂಗಳು ತಾಯಿಹಾಲು. ಲಸಿಕೆ ಹಾಕಿಸುವ ರೂಢಿ. ಕಾಯಿಸದ ಹಾಲು ಕುಡಿಯುವ ಅಭ್ಯಾಸ. ಮನೆಯೊಳಗೆ ನಾಯಿ, ಬೆಕ್ಕು ಇಟ್ಟುಕೊಳ್ಳುವುದಿಲ್ಲ. ಹೊಗೆಬತ್ತಿಯ ಹೊಗೆ ಮಕ್ಕಳ ಮೂಗಿಗೆ ಬೀಳುವುದು ಕಡಿಮೆ. ಬೊಜ್ಜಿನ ಮಕ್ಕಳೂ ಕಡಿಮೆ. ಅಂದರೆ ಅಸ್ತಮಾಕ್ಕೆ ನಾವು ಸಾಮಾನ್ಯವಾಗಿ ಹೊಣೆ ಮಾಡುವ ಕಾರಣಗಳೆಲ್ಲ ಇಲ್ಲಿ ಒಂದರ ಪಕ್ಕ ಒಂದು ಸರಿಸಮ ನಿಂತಿವೆ. ಗಮನಿಸಿ: ಕಾಯಿಸದ ಹಾಲೂ ಎರಡೂ ಕಡೆ ಇತ್ತು. ದೊಡ್ಡ ಸಂಸಾರವೂ ಎರಡೂ ಕಡೆ ಇತ್ತು. ಅಣ್ಣ, ಅಕ್ಕಂದಿರು ಮಾತ್ರವೇ ಕಾಯುವುದಾಗಿದ್ದರೆ ಹಟ್ಟರೈಟ್ ಮಕ್ಕಳಿಗೆ ಯಾಕೆ ಹೀಗಾಯಿತು?

ಇಬ್ಬರೂ ಬೇರೆಯಾಗುವುದು ಬೇಸಾಯದಲ್ಲಿ. ಆಮಿಶ್ ಕುಟುಂಬಕ್ಕೆ ತನ್ನದೇ ಚಿಕ್ಕ ಹೈನುಗಾರಿಕೆ. ಉಳುವುದಕ್ಕೂ ಓಡಾಡುವುದಕ್ಕೂ ಕುದುರೆ. ಮನೆಯ ಬಾಗಿಲು ದಾಟಿದರೆ ಕೊಟ್ಟಿಗೆ. ಮಕ್ಕಳು ಚಿಕ್ಕವರಿರುವಾಗಲೇ ಅಲ್ಲಿ ಆಡುತ್ತಾರೆ, ಓಡಾಡುತ್ತಾರೆ, ಸ್ವಲ್ಪ ದೊಡ್ಡವರಾದರೆ ಕೆಲಸಕ್ಕೂ ಕೈಹಾಕುತ್ತಾರೆ. ಹಟ್ಟರೈಟರದ್ದು ಒಟ್ಟು ಕಾಲನಿಯ ಬೇಸಾಯ. ಆಸ್ತಿ ಎಲ್ಲರದೂ. ಹೊಲ ದೊಡ್ಡದು, ಯಂತ್ರಗಳು ದೊಡ್ಡವು, ಬೇಸಾಯ ಪೂರ್ತಿ ಆಧುನಿಕ. ಮನೆಗಳು ಒಂದು ಕಡೆ, ದನದ ಶೆಡ್‌ಗಳು ದೂರ ಇನ್ನೊಂದು ಕಡೆ. ಗಂಡಸರು ಕೆಲಸಕ್ಕೆ ಹೋಗಿ ಬರುತ್ತಾರೆ. ಹಾಲುಗಲ್ಲದ ಮಕ್ಕಳಿಗೆ ಅಲ್ಲೇನು ಕೆಲಸ? ಇಡೀ ಪ್ರಕರಣ ಈ ಕೆಲವು ನೂರು ಹೆಜ್ಜೆಗಳ ಅಂತರದ ಸುತ್ತ ನಿಂತಿದೆ ಎಂದು ನನಗೆ ಅನಿಸುತ್ತದೆ.

ರಕ್ತದಲ್ಲಿ ಕಂಡದ್ದು

ತಂಡ ಎರಡೂ ಕಡೆಯಿಂದ ತಲಾ 30 ಮಕ್ಕಳನ್ನು ಆರಿಸಿಕೊಂಡಿತು. ವಯಸ್ಸು 7ರಿಂದ 14. ಗಂಡು, ಹೆಣ್ಣು, ವಯಸ್ಸು ಹೊಂದುವ ಹಾಗೆ ಜೋಡಿ ಮಾಡಿಕೊಂಡರು. ಆಮಿಶ್ ಮಕ್ಕಳಲ್ಲಿ ಒಬ್ಬರಿಗೂ ಅಸ್ತಮಾ ಇರಲಿಲ್ಲ. ಹಟ್ಟರೈಟ್ ಮಕ್ಕಳಲ್ಲಿ ಆರು ಮಂದಿಗೆ ಇತ್ತು. ರಕ್ತ ತೆಗೆದು ಬಿಳಿ ಕಣಗಳನ್ನು ಎಣಿಸಿದರು, ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ನೋಡಿದರು. ಮನೆಗಳಿಂದ ಧೂಳನ್ನೂ ತಂದರು.

ಧೂಳಿನಿಂದಲೇ ಶುರುಮಾಡೋಣ. ಅಲರ್ಜಿ ತರುವ ವಸ್ತುಗಳು ಯಾವ ಮನೆಯಲ್ಲಿ ಜಾಸ್ತಿ ಇದ್ದವು ಗೊತ್ತಾ? ಬೆಕ್ಕು, ನಾಯಿ, ಧೂಳುನುಸಿ, ಜಿರಲೆಯ ಸಾಮಾನ್ಯ ಅಲರ್ಜಿಕಾರಕಗಳನ್ನು ಹುಡುಕಿದಾಗ ಆಮಿಶರ 10 ಮನೆಗಳಲ್ಲಿ 4ರಲ್ಲಿ ಸಿಕ್ಕವು. ಹಟ್ಟರೈಟರ 10ರಲ್ಲಿ ಒಂದೇ ಮನೆಯಲ್ಲಿ ಸಿಕ್ಕವು. ಅಂದರೆ ಅಲರ್ಜಿ ಜಾಸ್ತಿ ಇದ್ದವರ ಮನೆಯಲ್ಲೇ ಅಲರ್ಜಿಕಾರಕ ಕಡಿಮೆ. ಇನ್ನೊಂದು ವಸ್ತುವಿನ ಲೆಕ್ಕ ಬೇರೆಯೇ ಇತ್ತು. ಅದು ಎಂಡೊಟಾಕ್ಸಿನ್. ಒಂದು ಗುಂಪಿನ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿರುವ ವಸ್ತು ಇದು. ಸಗಣಿ, ಗೊಬ್ಬರ, ದನದ ಮೈ ಎಲ್ಲದರಲ್ಲೂ ಇರುತ್ತದೆ. ಆಮಿಶ್ ಮನೆಗಳ ಧೂಳಿನಲ್ಲಿ ಇದು ಹಟ್ಟರೈಟ್ ಮನೆಗಳಿಗಿಂತ 6.8 ಪಟ್ಟು ಜಾಸ್ತಿ. ಕೊಟ್ಟಿಗೆ ಹತ್ತಿರ ಇದ್ದದ್ದಕ್ಕೆ ಇಲ್ಲಿ ಒಂದು ಅಳತೆ ಸಿಕ್ಕಿತು.

ರಕ್ತದಲ್ಲಿ ಏನಿತ್ತು? ಆಮಿಶ್ ಮಕ್ಕಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಜಾಸ್ತಿ ಇದ್ದವು. ಅಲರ್ಜಿಯ ಜೊತೆ ಹೆಸರು ಕೇಳಿಬರುವ ಇಯೋಸಿನೋಫಿಲ್ ಕಣಗಳು ಕಡಿಮೆ ಇದ್ದವು. ಅಲರ್ಜಿಯ ಪ್ರತಿಕಾಯವಾದ ಐಜಿಇ ಕೂಡ ಕಡಿಮೆ. ಮೋನೋಸೈಟ್ ಎಂಬ ಕಣಗಳ ಮೇಲ್ಮೈ ನೋಡಿದರೆ, ಉದ್ರೇಕವನ್ನು ತಗ್ಗಿಸುವ ಗುರುತುಗಳು ಎದ್ದು ಕಂಡವು. ಈ ನ್ಯೂಟ್ರೋಫಿಲ್, ಮೋನೋಸೈಟ್‌ಗಳು ಹುಟ್ಟಿನಿಂದಲೇ ಬರುವ ನಿರೋಧಕ ಪಡೆಗೆ ಸೇರಿದವು. ಒಂದೊಂದು ರೋಗಾಣುವನ್ನೂ ಬೇರೆಬೇರೆಯಾಗಿ ಕಲಿತು ನೆನಪಿಡುವ ಪಡೆ ಇನ್ನೊಂದಿದೆ. ಲಸಿಕೆ ಪಾಠ ಹೇಳುವುದು ಮುಖ್ಯವಾಗಿ ಅದಕ್ಕೆ. ಈ ಅಧ್ಯಯನದಲ್ಲಿ ವ್ಯತ್ಯಾಸ ಎದ್ದು ಕಂಡದ್ದು ಮೊದಲನೆಯದರಲ್ಲಿ.

ಒಂದು ಹೋಲಿಕೆ ಕೊಡುತ್ತೇನೆ. ಸದಾ ಜನ ಬಂದುಹೋಗುವ ಮನೆಯಲ್ಲಿ ಮರಿಯಿಂದ ಬೆಳೆದ ನಾಯಿ ದಾರಿಹೋಕರಿಗೆಲ್ಲ ಬೊಗಳುವುದಿಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ಬೆಳೆದದ್ದು ಎಲೆ ಅಲುಗಿದರೂ ಬೊಗಳುತ್ತದೆ. ಮೊದಲ ನಾಯಿ ಪ್ರತಿಯೊಬ್ಬರ ಪರಿಚಯ ಮಾಡಿಕೊಂಡಿಲ್ಲ. ಅದರ ಸ್ವಭಾವವೇ ಹಾಗೆ ತಯಾರಾಗಿದೆ. ಆಮಿಶ್ ಮಕ್ಕಳ ಮೈಯಲ್ಲೂ ಒಂದೊಂದು ಅಲರ್ಜಿಕಾರಕಕ್ಕೂ ಬೇರೆಬೇರೆ ರೂಢಿಯಾಗಿಲ್ಲ. ಪಡೆಯ ಸ್ವಭಾವವೇ ಬದಲಾದ ಹಾಗೆ ಕಾಣುತ್ತದೆ. ಜೀನ್‌ಗಳ ಲೆಕ್ಕದಲ್ಲಿ ಮುಂದೆ ಬಂದ ಹೆಸರೂ ಇದಕ್ಕೆ ಹೊಂದುತ್ತದೆ. ಅದು ಟಿಎನ್‌ಎಫ್‌ಎಐಪಿ3 ಎಂಬ ಜೀನ್. ಅದು ಮಾಡಿಸುವ ಪ್ರೋಟೀನು ಎ20. ಉರಿಯೂತಕ್ಕೆ ಇದು ಬ್ರೇಕ್ ಇದ್ದಂತೆ.

ಇಲಿಯ ಮೂಗಿಗೆ ಮನೆಯ ಧೂಳು

ಇಷ್ಟಕ್ಕೇ ನಿಂತಿದ್ದರೆ ಇದು ಇನ್ನೊಂದು ಹೋಲಿಕೆಯ ಅಧ್ಯಯನ ಆಗಿರುತ್ತಿತ್ತು. ಎರಡು ಊರು, ಎರಡು ಅಂಕಿ, ನಡುವೆ ಒಂದು ಊಹೆ. ಹಾಗಾಗದಂತೆ ಮಾಡಿದ್ದು ಮುಂದಿನ ಹೆಜ್ಜೆ. ಆನ್ ಸ್ಪರ್ಲಿಂಗ್ ಮತ್ತು ಅರಿಜೋನಾದ ಡೊನಾಟಾ ವೆರ್ಚೆಲ್ಲಿ ಅವರ ಪ್ರಯೋಗಾಲಯಗಳು ಆ ಮನೆಗಳ ಧೂಳನ್ನು ನೀರಿನಲ್ಲಿ ಕಲಸಿ, ಸಾರ ತೆಗೆದು, ಇಲಿಗಳ ಮೂಗಿಗೆ ಹಾಕಿದವು. ಎರಡು ಮೂರು ದಿನಕ್ಕೊಮ್ಮೆ, ನಾಲ್ಕೈದು ವಾರ. ಜೊತೆಗೆ ಮೊಟ್ಟೆಯ ಬಿಳಿಯ ಪ್ರೋಟೀನು ಕೊಟ್ಟು ಅಸ್ತಮಾದಂಥ ಸ್ಥಿತಿ ಬರುವ ಹಾಗೆ ಮಾಡಿದರು.

ಆಮಿಶ್ ಮನೆಯ ಧೂಳು ಹೋದ ಇಲಿಗಳ ಶ್ವಾಸನಾಳಗಳು ಅಷ್ಟಾಗಿ ಬಿಗಿಯಲಿಲ್ಲ. ಇಯೋಸಿನೋಫಿಲ್‌ಗಳೂ ಮುತ್ತಲಿಲ್ಲ. ಹಟ್ಟರೈಟ್ ಮನೆಯ ಧೂಳಿನಿಂದ ಅಂಥ ಉಪಕಾರ ಆಗಲಿಲ್ಲ. ಇಯೋಸಿನೋಫಿಲ್‌ಗಳಂತೂ ಇನ್ನೂ ಹೆಚ್ಚಾದವು.

ಈ ಇಲಿಗಳಿಗೆ ಆಮಿಶರ ಜೀನ್ ಇಲ್ಲ, ಅವರ ಊಟ ಇಲ್ಲ, ಅವರ ನಂಬಿಕೆ ಇಲ್ಲ. ಅವಕ್ಕೆ ಸಿಕ್ಕಿದ್ದು ಧೂಳು ಮಾತ್ರ. ಹಾಗಾಗಿ ರಕ್ಷಣೆಯ ಒಂದು ಪಾಲಾದರೂ ಆ ಧೂಳಿನಲ್ಲೇ ಇದೆ ಎಂದು ಹೇಳಬಹುದು. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿದರು. ಬ್ಯಾಕ್ಟೀರಿಯಾದ ಸುಳಿವು ಹಿಡಿದು ಜೀವಕೋಶದ ಒಳಗೆ ಸುದ್ದಿ ಮುಟ್ಟಿಸುವ ಎರಡು ಪ್ರೋಟೀನುಗಳಿವೆ, ಮೈಡಿ88 ಮತ್ತು ಟ್ರಿಫ್. ಇವೆರಡೂ ಇಲ್ಲದ ಇಲಿಗಳಿಗೆ ಅದೇ ಆಮಿಶ್ ಧೂಳು ಕೊಟ್ಟರು. ರಕ್ಷಣೆ ಸಿಗಲೇ ಇಲ್ಲ. ಸುದ್ದಿ ಮುಟ್ಟಿಸುವವರೇ ಇಲ್ಲದಿದ್ದರೆ ಧೂಳು ಇದ್ದೂ ಉಪಯೋಗವಿಲ್ಲ.

ಇದಕ್ಕೆ ಒಂದು ವರ್ಷ ಮುಂಚೆ, 2015ರಲ್ಲಿ, ಬೆಲ್ಜಿಯಂನ ಗೆಂಟ್‌ನ ವಿಜ್ಞಾನಿಗಳು ಇನ್ನೊಂದು ದಿಕ್ಕಿನಿಂದ ಇದೇ ಜಾಗಕ್ಕೆ ಬಂದಿದ್ದರು. ಸ್ವಲ್ಪಸ್ವಲ್ಪವೇ ಎಂಡೊಟಾಕ್ಸಿನನ್ನು ಬಹಳ ದಿನ ಕೊಟ್ಟ ಇಲಿಗಳಿಗೆ ಧೂಳುನುಸಿಯ ಅಸ್ತಮಾ ಬರಲಿಲ್ಲ. ಆದರೆ ಶ್ವಾಸಕೋಶದ ಒಳಪದರದಲ್ಲಿ ಎ20 ಇಲ್ಲದಂತೆ ಮಾಡಿದಾಗ ರಕ್ಷಣೆ ಮಾಯವಾಯಿತು. ಮತ್ತೆ ಅದೇ ಬ್ರೇಕು. ಎರಡು ಬೇರೆಬೇರೆ ತಂಡ, ಎರಡು ಬೇರೆ ದಾರಿ, ಒಂದೇ ಪ್ರೋಟೀನು. ಇಂಥದ್ದು ಕಂಡಾಗ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಎಲ್ಲಿ ಎಚ್ಚರ ಬೇಕು

ಈಗ ಅನುಮಾನಗಳ ಸರದಿ. ಇದನ್ನು ಹಾರಿಸಿ ಓದುವವರೇ ಜಾಸ್ತಿ, ಆದರೆ ಪ್ರಕರಣದ ತೂಕ ಗೊತ್ತಾಗುವುದು ಇಲ್ಲಿ.

ಒಟ್ಟು ಮಕ್ಕಳು 60. ಚಿಕ್ಕ ಸಂಖ್ಯೆ. ಅದೂ ಅಲ್ಲದೆ ಅವರ ರಕ್ತ ತೆಗೆದದ್ದು 7 ವರ್ಷ ದಾಟಿದ ಮೇಲೆ, ಒಂದೇ ಸಲ. ಮೊದಲ ವರ್ಷದಲ್ಲಿ ಏನು ನಡೆಯಿತು ಎಂಬುದನ್ನು ಈ ಅಧ್ಯಯನ ನೋಡಿಲ್ಲ. ಅದನ್ನು ನಾವು 2001ರ ಆಲ್ಪ್ಸ್ ಅಂಕಿಗಳಂಥ ಬೇರೆ ಕೆಲಸದಿಂದ ತಂದು ಇಲ್ಲಿಗೆ ಜೋಡಿಸುತ್ತಿದ್ದೇವೆ. ಜೋಡಣೆ ಸರಿಯಾಗಿಯೇ ಕಾಣುತ್ತದೆ, ಆದರೂ ಅದು ಜೋಡಣೆಯೇ. ಇನ್ನು ಇಲಿಯ ಅಸ್ತಮಾ ಅಂದರೆ ಪ್ರಯೋಗಾಲಯದಲ್ಲಿ ಕೆಲವು ವಾರಗಳಲ್ಲಿ ಮಾಡಿಸಿದ ಸ್ಥಿತಿ. ಮಗುವಿನ ಅಸ್ತಮಾ ವರ್ಷಗಳಲ್ಲಿ ಬೆಳೆಯುತ್ತದೆ. ಅದರಲ್ಲಿ ಹಲವು ಬಗೆಗಳೂ ಇವೆ. ಶೀತದ ವೈರಸ್ ಬಂದಾಗ ಮಾತ್ರ ಸುಯ್‌ಗುಟ್ಟುವ ಮಗುವಿಗೂ, ಅಲರ್ಜಿಯಿಂದ ಉಬ್ಬಸಪಡುವ ಮಗುವಿಗೂ ಒಳಗಿನ ಕಾರಣ ಒಂದೇ ಇರಬೇಕಿಲ್ಲ.

ಎಂಡೊಟಾಕ್ಸಿನ್ ಬಗ್ಗೆಯೂ ಹುಷಾರಾಗಿರಬೇಕು. ಸುಲಭವಾಗಿ ಅಳೆಯಬಹುದಾದ್ದರಿಂದ ಅದರ ಹೆಸರೇ ಎಲ್ಲ ಕಡೆ ಬರುತ್ತದೆ. ಕೊಟ್ಟಿಗೆಯ ಧೂಳಿನಲ್ಲಿ ಸಾವಿರಾರು ಬಗೆಯ ಸೂಕ್ಷ್ಮಜೀವಿಗಳ ತುಣುಕುಗಳಿವೆ, ಬೂಷ್ಟಿನ ಕಣಗಳಿವೆ, ದನದ ಮೈಯ ಪ್ರೋಟೀನುಗಳಿವೆ, ಒಣಹುಲ್ಲಿನ ಪುಡಿ ಇದೆ. ಕೆಲಸ ಮಾಡುವುದು ಯಾವುದು, ಎಷ್ಟು ಬಗೆ ಕೂಡಿದರೆ ಮಾಡುತ್ತದೆ? ಎಂಡೊಟಾಕ್ಸಿನ್ ಇಲ್ಲಿ ಊರಿನ ಹೆಸರು ಹೇಳುವ ಕೈಕಂಬ ಇರಬಹುದು. ಅದೇ ಊರು ಎಂದುಕೊಳ್ಳಬಾರದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈಗಾಗಲೇ ಅಸ್ತಮಾ ಇರುವವರು ಎಂಡೊಟಾಕ್ಸಿನ್ ತುಂಬಿದ ಧೂಳು ಉಸಿರಾಡಿದರೆ ಉಬ್ಬಸ ಕೆರಳುತ್ತದೆ. ಬೂಷ್ಟು ಹಿಡಿದ ಹುಲ್ಲಿನ ಧೂಳಿನಿಂದ ದೊಡ್ಡವರಿಗೆ ರೈತರ ಶ್ವಾಸಕೋಶ ಎಂಬ ಕಾಯಿಲೆಯೇ ಬರುತ್ತದೆ. ಎಳೆಯ ಮೈಗೆ ಪಾಠವಾಗುವ ಧೂಳೇ ಬಲಿತ ಮೈಗೆ ಪೆಟ್ಟಾಗಬಹುದು. ಹಾಗಾಗಿ ಅಸ್ತಮಾ ಇರುವ ಎಂಟು ವರ್ಷದ ಮಗುವನ್ನು ಕೊಟ್ಟಿಗೆಗೆ ಕರೆದೊಯ್ದರೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್‌ಹೇಲರ್ ಬಿಡಿಸುವುದಂತೂ ಅಪಾಯ.

ಕಾಯಿಸದ ಹಾಲಿನ ವಿಷಯವೂ ಹಾಗೇ. ಅದರಲ್ಲಿ ಕ್ಷಯದಿಂದ ಹಿಡಿದು ಮಕ್ಕಳ ಮೂತ್ರಪಿಂಡ ಕೆಡಿಸುವ ಇ. ಕೋಲೈ ತನಕ ಏನೂ ಇರಬಹುದು. ಕೂಸಿಗೆ ಅದನ್ನು ಕುಡಿಸಿ ಅಸ್ತಮಾ ತಡೆಯುತ್ತೇನೆ ಅನ್ನುವುದು ತೀರಾ ದುಬಾರಿ ಜೂಜು.

ಮತ್ತೆ, ಸೋಂಕು ಬಂದಷ್ಟೂ ಒಳ್ಳೆಯದು ಎಂದೂ ಇದರ ಅರ್ಥವಲ್ಲ. ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ, ರೈನೋವೈರಸ್ ಎಂಬ ವೈರಸ್‌ಗಳಿಂದ ಎಳೆವಯಸ್ಸಿನಲ್ಲಿ ಜೋರಾಗಿ ಸುಯ್‌ಗುಟ್ಟಿದ ಮಕ್ಕಳಲ್ಲಿ ಮುಂದೆ ಅಸ್ತಮಾ ಜಾಸ್ತಿ ಕಾಣುತ್ತದೆ, ಕಡಿಮೆಯಲ್ಲ. ಆಮಿಶ್ ಮಕ್ಕಳನ್ನು ಕಾಯ್ದದ್ದು ಕಾಯಿಲೆ ಅಲ್ಲ. ಕಾಯಿಲೆ ತರದ ಸೂಕ್ಷ್ಮಜೀವಿಗಳ ದಿನನಿತ್ಯದ ಒಡನಾಟ. ಕೈ ತೊಳೆಯುವುದನ್ನು, ಲಸಿಕೆಯನ್ನು ಬಿಟ್ಟರೆ ಸಿಗುವುದು ಕಾಯಿಲೆ, ಒಡನಾಟ ಅಲ್ಲ. ಲಸಿಕೆ ಹಾಕಿಸುವ ರೂಢಿ ಎರಡೂ ಕಡೆ ಇತ್ತು ಅನ್ನುವುದನ್ನು ಮರೆಯಬೇಡಿ. ಶುಚಿತ್ವದ ಸಿದ್ಧಾಂತ ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ ಎಂದು ನನ್ನ ತಕರಾರು. ಹಟ್ಟರೈಟರ ಮಕ್ಕಳಿಗೆ ಕಡಿಮೆಯಾಗಿದ್ದು ಕೊಳೆ ಅನ್ನುವುದಕ್ಕಿಂತ ದನಗಳ ನೆರೆ.

ಆಮೇಲೆ

ಪಟ್ಟಣದ ಮನೆಗೆ ಇದರಿಂದ ಏನು ಸಿಕ್ಕೀತು? 2019ರಲ್ಲಿ ಫಿನ್ಲೆಂಡಿನ ಸಂಶೋಧಕರು ದನ ಸಾಕದ ಮನೆಗಳ ಧೂಳನ್ನೂ ನೋಡಿದರು. ಅವುಗಳಲ್ಲಿ ಕೆಲವು ಮನೆಗಳ ಬ್ಯಾಕ್ಟೀರಿಯಾಗಳ ಮಿಶ್ರಣ ರೈತರ ಮನೆಯದನ್ನು ಹೋಲುತ್ತಿತ್ತು. ಅಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅಸ್ತಮಾ ಕಡಿಮೆ ಇತ್ತು. ಜರ್ಮನಿಯ ಮಕ್ಕಳಲ್ಲೂ ಇದೇ ಕಂಡಿತು. ಹಾಗಾದರೆ ಹಸುವೇ ಬೇಕೆಂದಿಲ್ಲ, ಹೊರಗಿನ ಮಣ್ಣಿನ ಬ್ಯಾಕ್ಟೀರಿಯಾಗಳು ಒಳಗೆ ಬರುವ ದಾರಿ ಇದ್ದರೂ ಸ್ವಲ್ಪ ಆದೀತು ಅನ್ನುವ ಆಸೆ ಇದೆ. ಸದ್ಯಕ್ಕೆ ಅದು ಆಸೆ ಮಾತ್ರ. ಯಾವ ತಾಯಿಯೂ ಮಗುವಿಗೆ ಅಸ್ತಮಾ ಬಂತು, ನಾನೇ ಮನೆಯನ್ನು ಜಾಸ್ತಿ ಒರೆಸಿದೆ ಎಂದು ಕೊರಗಬೇಕಾಗಿಲ್ಲ. ವಂಶ, ವೈರಸ್, ಹೊಗೆ, ಹುಟ್ಟಿದಾಗಿನ ತೂಕ, ಹೀಗೆ ಹಲವು ಎಳೆಗಳು ಅದರಲ್ಲಿ ಸೇರಿರುತ್ತವೆ.

ಸಂಶೋಧನೆಯ ದಾರಿ ಈಗ ಧೂಳನ್ನು ಬಿಡಿಸಿ ನೋಡುವ ಕಡೆಗೆ ಹೊರಟಿದೆ. ಕೆಲಸ ಮಾಡುವ ಭಾಗವನ್ನು ಬೇರ್ಪಡಿಸಿ, ಅಪಾಯವಿಲ್ಲದ ರೂಪದಲ್ಲಿ, ಸರಿಯಾದ ತಿಂಗಳುಗಳಲ್ಲಿ ಕೂಸಿಗೆ ಕೊಡಬಹುದೇ ಎಂಬುದು ಪ್ರಶ್ನೆ. ಆ ತಿಂಗಳುಗಳು ಹುಟ್ಟುವ ಮುಂಚೆಯೇ ಶುರುವಾಗಬಹುದು. ಬಸುರಿ ಇದ್ದಾಗ ತಾಯಿ ಕೊಟ್ಟಿಗೆಯಲ್ಲಿ ಕೆಲಸ ಮಾಡಿದ್ದರೆ ಮಗುವಿನ ನಿರೋಧಕ ಕಣಗಳಲ್ಲಿ ಆಗಲೇ ವ್ಯತ್ಯಾಸ ಇರುವುದನ್ನು ಯುರೋಪಿನ ಅಧ್ಯಯನಗಳು ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಂಡಿವೆ.

ಅದಕ್ಕೇ ಈಗ "ನಿಮ್ಮದು ರೈತರ ಮನೆಯೇ?" ಎಂದು ಕೇಳಿದರೆ ಸಾಕಾಗುವುದಿಲ್ಲ. ಆ ಪ್ರಶ್ನೆಗೆ ಆಮಿಶ್ ತಾಯಿಯೂ ಹೌದು ಅಂತಾಳೆ, ಹಟ್ಟರೈಟ್ ತಾಯಿಯೂ ಹೌದು ಅಂತಾಳೆ. ಮಗು ಮೊದಲ ಸಲ ಕೊಟ್ಟಿಗೆಗೆ ಹೋದಾಗ ಎಷ್ಟು ತಿಂಗಳಾಗಿತ್ತು, ವಾರಕ್ಕೆ ಎಷ್ಟು ಸಲ ಹೋಗುತ್ತಿತ್ತು, ಬಸುರಿಯಾಗಿದ್ದಾಗ ನೀವು ಹಾಲು ಕರೆಯಲು ಹೋಗುತ್ತಿದ್ದಿರಾ ಎಂದು ಕೇಳಬೇಕಾಗುತ್ತದೆ.